ಟವರಿಗೊಂದು, ಮನೆಗೊಂದು ಅರ್ಥಿಂಗ್ ಹಾಕಿಸಿ ಕೆಟ್ಟೆ

ಮನೆಯ ಹಿತ್ತಲಿನಲ್ಲಿ ಹ್ಯಾಮ್ ರೇಡಿಯೊ (ಹವ್ಯಾಸಿಗಳ ರೇಡಿಯೊ) ಆಂಟೆನಾಕ್ಕಾಗಿ ಟವರ್ ನಿಲ್ಲಿಸಲು ಹೊರಟವರೂ ಈಗಾಗಲೇ ನಿಲ್ಲಿಸಿರುವವರೂ ಮುಂದಿನ ಗುಡುಗಿನ ಮಳೆಗೆ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಎರಡು ವರ್ಷಗಳ ಹಿಂದೆ, ಭರಣಿ ಮಳೆಯ ಒಂದು ಸಂಜೆ, ಶಿರಸಿಯ ಹತ್ತಿರದ ನಮ್ಮ ಮನೆಯ ಟವರಿಗೆ ಸಿಡಿಲು ಬಡಿದು, ರೇಡಿಯೊದ ಪವರ್ ಸಪ್ಲೈ, ಆಂಟೆನಾ ತಿರುಗಿಸುವ ರೊಟೇಟರಿನ ಕಂಟ್ರೋಲರ್, ಇನ್ವರ್ಟರ್, ಫ್ರಿಜ್, ರೂಟರ್, ತೋಟದ ಪಂಪಿನ ಸ್ಟಾರ್ಟರ್ ಎಲ್ಲವೂ ಒಂದೇ ಕ್ಷಣದಲ್ಲಿ ಸುಟ್ಟುಹೋದವು. ಆಯಿ ಆಗಷ್ಟೇ ಫ್ರಿಜ್ಜಿನ ಬಾಗಿಲು ಹಾಕಿ ಜಗಲಿಗೆ ಬಂದಿದ್ದಳು. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ನಾನು ಅಜಾಗರೂಕನಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ದೂರದಲ್ಲಿ ಗುಡುಗು ಕೇಳಿದ ಕೂಡಲೇ ರೇಡಿಯೊದಿಂದ ಕೋಆಕ್ಸ್ ಕೇಬಲ್ (ಆಂಟೆನಾವನ್ನು ರೇಡಿಯೊಗೆ ಜೋಡಿಸುವ ಕೇಬಲ್) ಬಿಚ್ಚಿದ್ದೆ. ಟವರಿಗೆಂದೇ ಪ್ರತ್ಯೇಕ ಅರ್ಥಿಂಗ್ ಗುಂಡಿಯೂ ಇತ್ತು. ಆ ‘ಪ್ರತ್ಯೇಕ’ ಎಂಬುದೇ ಮನೆಗೆ ಕುತ್ತಾಯಿತು.

ಟವರ್ 40 ಅಡಿಯದು, ಹತ್ತು ಅಡಿಯ ನಾಲ್ಕು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿದ್ದು, ವಾಲದಂತೆ ಮೂರು ಕಡೆ ಗೈ ತಂತಿ ಎಳೆದು ಬಿಗಿದದ್ದು. ತುದಿಯಲ್ಲಿ 14, 21 ಮತ್ತು 28 ಮೆಗಾಹರ್ಟ್ಸ್‌ಗಳ ಮೂರು ಎಲಿಮೆಂಟಿನ ಯಾಗಿ ಆಂಟೆನಾ. ಇಂಟರ್ನೆಟ್ ಟವರ್‌ಗಳನ್ನು ನಿಲ್ಲಿಸಿದ ಅನುಭವವಿದ್ದ ಗುತ್ತಿಗೆದಾರರೊಬ್ಬರು ಎರಡೇ ದಿನದಲ್ಲಿ ಕೆಲಸ ಮುಗಿಸಿದರು. ಟವರಿನ ಬುಡದಲ್ಲಿ ಅರ್ಥಿಂಗ್ ಪೈಪಿಗಾಗಿ ಅಗೆಯಲು ತೊಡಗಿದಾಗ ನಾಲ್ಕು ಅಡಿಗೇ ಚಿರೆಕಲ್ಲು ಸಿಕ್ಕಿತು. ಎರಡೂವರೆ ಮೀಟರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಅರ್ಧಕ್ಕೆ ಕತ್ತರಿಸಿ ಹೂತು, ಇದ್ದಿಲು ಮತ್ತು ಉಪ್ಪು ಸುರಿದು ಮುಚ್ಚಿದರು. ಅಲ್ಲಿಂದ ಟವರಿನ ಕಾಲಿಗೆ 8 ಗೇಜಿನ ಜಿಐ ತಂತಿ ಎಳೆದು, ಉಳಿದ ತಂತಿಯನ್ನು ಮುಂದೆ ಬೇಕಾದೀತು ಎಂದು ಚೆಂದವಾಗಿ ಸುರುಳಿ ಸುತ್ತಿ ಬಿಟ್ಟರು. ಇದನ್ನು ಮನೆಯ ಅರ್ಥಿಂಗಿಗೆ ಸೇರಿಸಬೇಡವೇ ಎಂದು ಕೇಳಿದ್ದಕ್ಕೆ, “ಸೇರಿಸಿದರೆ ಸಿಡಿಲು ಮನೆಯೊಳಗೇ ಬರುತ್ತದೆ ಸರ್, ಬೇರೆ ಬೇರೆ ಇದ್ದರೇ ಒಳ್ಳೆಯದು” ಎಂದರು. ಹಿರಿಯ ಹ್ಯಾಮ್ ಒಬ್ಬರೂ ರೇಡಿಯೊದಲ್ಲಿ ಗದ್ದಲ ಬಾರದಿರಲು ಬೇರೆ ಅರ್ಥಿಂಗ್ ಬೇಕೆಂದು ಹೇಳಿದ್ದರಿಂದ ನಾನು ಸುಮ್ಮನಾದೆ. ಇಬ್ಬರ ಮಾತೂ ಕೇಳಲು ಸರಿಯೆನಿಸುತ್ತದೆ, ಇಬ್ಬರದೂ ತಪ್ಪು.

ಸಿಡಿಲಿನ ಮೊದಲ ಹೊಡೆತದಲ್ಲಿ ಸಾಮಾನ್ಯವಾಗಿ 30,000 ಆಂಪಿಯರ್ ಆಸುಪಾಸಿನ ವಿದ್ಯುತ್ ಹರಿಯುತ್ತದೆ. ಅರ್ಥಿಂಗಿನ ರೋಧ 10 ಓಮ್ ಎಂದಿಟ್ಟುಕೊಂಡರೂ ಟವರಿನ ಬುಡ ಆ ಗಳಿಗೆಯಲ್ಲಿ 3 ಲಕ್ಷ ವೋಲ್ಟಿಗೆ ಏರುತ್ತದೆ. ನನ್ನ ಗುಂಡಿಯನ್ನು ಆಮೇಲೆ ಅರ್ಥ್ ಟೆಸ್ಟರ್ ತರಿಸಿ ಅಳೆದಾಗ 62 ಓಮ್ ಬಂತು. ಮನೆಯ ಅರ್ಥಿಂಗ್ ಇದ್ದದ್ದು ಮನೆಯ ಇನ್ನೊಂದು ಮಗ್ಗುಲಿನಲ್ಲಿ, ಅದು ಆ ಕ್ಷಣದಲ್ಲಿ ಹೆಚ್ಚುಕಡಿಮೆ ಶೂನ್ಯದಲ್ಲಿಯೇ ಇತ್ತು. ಹೀಗೆ ಒಂದೇ ಅಂಗಳದ ಎರಡು ಅರ್ಥಿಂಗ್‌ಗಳ ನಡುವೆ ಲಕ್ಷಾಂತರ ವೋಲ್ಟಿನ ಅಂತರ ಹುಟ್ಟಿದಾಗ, ಅವೆರಡನ್ನೂ ಕೂಡಿಸುವ ದಾರಿ ಎಲ್ಲಿದೆಯೋ ಅಲ್ಲಿ ಸಿಡಿಲು ಹರಿಯುತ್ತದೆ. ನೆರೆ ಬಂದಾಗ ದೋಣಿಯೊಳಗಿನ ಸಾಮಾನೆಲ್ಲ ಒಟ್ಟಿಗೇ ಮೇಲೇರುವುದರಿಂದ ಏನೂ ಆಗುವುದಿಲ್ಲ. ದೋಣಿಯನ್ನು ಗಿಡ್ಡ ಹಗ್ಗದಲ್ಲಿ ದಡದ ಕಂಬಕ್ಕೆ ಬಿಗಿದಿದ್ದರೆ ಹಗ್ಗ ಹರಿಯುತ್ತದೆ. ನಮ್ಮಲ್ಲಿ ಆ ಹಗ್ಗವಾದದ್ದು ರೊಟೇಟರಿನ ಕೇಬಲ್.

ಕೋಆಕ್ಸ್ ಬಿಚ್ಚಿದ ನಾನು ರೊಟೇಟರಿನ ಕೇಬಲನ್ನು ಮರೆತಿದ್ದೆ. ಅದು ಟವರಿನ ತುದಿಯಿಂದ ಬಂದು ನೇರವಾಗಿ ಮೇಜಿನ ಮೇಲಿನ ಕಂಟ್ರೋಲರಿಗೆ, ಅಲ್ಲಿಂದ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಮನೆಯ ಅರ್ಥಿಂಗಿಗೆ ದಾರಿ ಮಾಡಿಕೊಟ್ಟಿತು. ಬಿಚ್ಚಿದ ಕೋಆಕ್ಸಿನಿಂದಲೂ ಪ್ರಯೋಜನವಾಗಲಿಲ್ಲ. ಅದರ ತುದಿ ಮೇಜಿನ ಮೇಲೇ ಬಿದ್ದಿತ್ತು, ಗೇಣು ದೂರದಲ್ಲಿ ಪವರ್ ಸಪ್ಲೈನ ಲೋಹದ ಪೆಟ್ಟಿಗೆ ಇತ್ತು, ನಡುವೆ ಕಿಡಿ ಹಾರಿದ ಕಪ್ಪು ಗುರುತು ಮೇಜಿನ ಹಲಗೆಯ ಮೇಲೆ ಇಂದಿಗೂ ಇದೆ. (ಬಿಚ್ಚಿದ ತುದಿಯನ್ನು ಗಾಜಿನ ಬಾಟಲಿಯಲ್ಲಿ ಇಡುವ ಹಳೆಯ ಹ್ಯಾಮ್‌ಗಳ ಪದ್ಧತಿಯನ್ನು ನೀವು ಕೇಳಿರಬಹುದು. ಮೋಡದಿಂದ ನೆಲದವರೆಗಿನ ಗಾಳಿಯನ್ನೇ ಸೀಳಿಕೊಂಡು ಬಂದದ್ದನ್ನು ಉಪ್ಪಿನಕಾಯಿ ಭರಣಿ ತಡೆಯುತ್ತದೆಯೇ?) ಮನೆಯ ಅರ್ಥಿಂಗಿನ ಮಟ್ಟ ಹೀಗೆ ಒಮ್ಮೆಲೇ ಏರಿತು; ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಮಾತ್ರ ದೂರದ ಟ್ರಾನ್ಸ್‌ಫಾರ್ಮರಿನ ನೆಲಕ್ಕೆ ಅಂಟಿಕೊಂಡಿದ್ದವು. ನಡುವೆ ಸಿಕ್ಕ ಯಂತ್ರಗಳೆಲ್ಲ ಸುಟ್ಟವು.

ಟವರನ್ನು ಬಿಚ್ಚಿ ನೋಡುವಾಗ ಇನ್ನಷ್ಟು ಕಂಡಿತು. ಅರ್ಥಿಂಗ್ ತಂತಿಯನ್ನು ಅಲ್ಯುಮಿನಿಯಂ ಪೇಂಟ್ ಕೆರೆಯದೆ, ಬಣ್ಣದ ಮೇಲೆಯೇ ಬೋಲ್ಟಿಗೆ ಸುತ್ತಿದ್ದರು. ಆ ಚೆಂದದ ಸುರುಳಿಯಂತೂ ಸಿಡಿಲಿಗೆ ಹಾಕಿದ ಬ್ರೇಕು: ನೇರ ತಂತಿಗೂ ಮೀಟರಿಗೆ ಸುಮಾರು 1 ಮೈಕ್ರೊಹೆನ್ರಿ ಇಂಡಕ್ಟನ್ಸ್ (ವಿದ್ಯುತ್ತಿನ ದಿಢೀರ್ ಏರಿಕೆಯನ್ನು ತಡೆಯುವ ಗುಣ) ಇರುವುದರಿಂದ, ವಿದ್ಯುತ್ ಮೈಕ್ರೊಸೆಕೆಂಡಿಗೆ 10,000 ಆಂಪಿಯರ್ ವೇಗದಲ್ಲಿ ಏರಿದರೆ ಪ್ರತಿ ಮೀಟರಿನ ಮೇಲೆ 10,000 ವೋಲ್ಟ್ ನಿಲ್ಲುತ್ತದೆ, ಸುರುಳಿ ಸುತ್ತಿದರೆ ಅದು ಇನ್ನೂ ಹೆಚ್ಚು. ಇದೇ ಕಾರಣಕ್ಕೆ, ಕೇಬಲ್ ಉಳಿಸಲೆಂದು 20 ಅಡಿ ಎತ್ತರದಲ್ಲಿಯೇ ಟವರಿನಿಂದ ಕಿಟಕಿಗೆ ಬಟ್ಟೆ ಒಣಗಿಸುವ ತಂತಿಯ ಹಾಗೆ ಕೋಆಕ್ಸ್ ಎಳೆದದ್ದೂ ತಪ್ಪು. ಎತ್ತರದಲ್ಲಿ ಟವರನ್ನು ಬಿಟ್ಟಷ್ಟೂ ಕೇಬಲ್ ಹೆಚ್ಚು ವೋಲ್ಟೇಜನ್ನು ಮನೆಗೆ ಹೊತ್ತು ತರುತ್ತದೆ. ಸಿಡಿಲಿಗೆ ಸಂಬಂಧವಿಲ್ಲದ ಇನ್ನೊಂದು ದೋಷವೂ ಸಿಕ್ಕಿತು: ಮೇಲಿನ ಕನೆಕ್ಟರಿಗೆ ಬರೀ ಪಿವಿಸಿ ಟೇಪ್ ಸುತ್ತಿದ್ದರಿಂದ ಒಂದೇ ಮಳೆಗಾಲದಲ್ಲಿ ನೀರು ಇಳಿದು, ಕೋಆಕ್ಸಿನೊಳಗಿನ ಲೋಹದ ಎಳೆಗಳ ಹೆಣಿಗೆ ಮಾರುದ್ದ ಕಪ್ಪಾಗಿತ್ತು. ಎಸ್‌ಡಬ್ಲ್ಯೂಆರ್ (ಆಂಟೆನಾಕ್ಕೆ ಕಳಿಸಿದ ಶಕ್ತಿ ಎಷ್ಟು ಮರಳಿ ಬರುತ್ತಿದೆ ಎಂಬುದನ್ನು ತಿಳಿಸುವ ಅಳತೆ) ಏರುತ್ತಿದ್ದುದಕ್ಕೆ ನಾನು ಸುಮ್ಮನೆ ಆಂಟೆನಾವನ್ನು ಬೈಯುತ್ತಿದ್ದೆ.

ಈಗ ಮಾಡಿಸಿರುವುದು ಹೀಗಿದೆ. ಆಳಕ್ಕೆ ಹೋಗಲಾಗದ ನೆಲದಲ್ಲಿ ಅಗಲಕ್ಕೆ ಹೋಗಬೇಕು. ಆದ್ದರಿಂದ ಟವರಿನ ಮೂರೂ ಕಾಲುಗಳಿಂದ 25 ಮಿಮೀ ಅಗಲ, 3 ಮಿಮೀ ದಪ್ಪದ ಜಿಐ ಪಟ್ಟಿಗಳನ್ನು ಕಾಲುವೆ ತೋಡಿ, ತೇವ ಉಳಿಯುವ ಅಡಿಕೆ ತೋಟದ ಅಂಚಿನವರೆಗೆ ಹೂತು, ನಡುನಡುವೆ ಪೈಪಿನ ಉದ್ದದ ಎರಡು ಪಟ್ಟು ಅಂತರದಲ್ಲಿ ಒಂದೊಂದು ಪೈಪ್ ಇಳಿಸಿದ್ದೇವೆ. ಅದೇ ಪಟ್ಟಿಯನ್ನು ಮನೆಯ ಸುತ್ತ ತಂದು ಮುಖ್ಯ ಸ್ವಿಚ್‌ಬೋರ್ಡಿನ ಅರ್ಥಿಂಗಿಗೆ ಸೇರಿಸಿದ್ದೇವೆ. ಇಡೀ ಬರಹದಲ್ಲಿ ನಿಮಗೆ ಒಂದೇ ವಾಕ್ಯ ನೆನಪಿನಲ್ಲಿ ಉಳಿಯುವುದಾದರೆ ಅದು ಈಗಷ್ಟೇ ಹೇಳಿದ, ಎರಡೂ ಅರ್ಥಿಂಗ್‌ಗಳನ್ನು ಸೇರಿಸಿದ ಈ ವಾಕ್ಯವಾಗಲಿ. ಕೋಆಕ್ಸಿನ ಹೆಣಿಗೆಯನ್ನು ಟವರಿನ ಮೇಲೂ ಬುಡದಲ್ಲೂ ಟವರಿಗೆ ಬಂಧಿಸಿ, ಕೇಬಲ್‌ಗಳನ್ನು ಬುಡದವರೆಗೂ ಇಳಿಸಿ, ಅಲ್ಲಿಂದ ನೆಲದ ಮಟ್ಟದಲ್ಲಿ ಮನೆಗೆ ತಂದಿದ್ದೇವೆ. ಗೋಡೆಯ ಹೊರಗೆ ಒಂದು ತಾಮ್ರದ ಫಲಕವಿದೆ. ಕೋಆಕ್ಸ್‌ನ ಸಿಡಿಲು ಅರೆಸ್ಟರ್, ರೊಟೇಟರಿನ ಪ್ರತಿಯೊಂದು ತಂತಿಯ ವಾರಿಸ್ಟರ್ (ಎರಡೂ ಅತಿಯಾದ ವೋಲ್ಟೇಜನ್ನು ನೆಲಕ್ಕೆ ತಿರುಗಿಸುವ ಸಾಧನಗಳು) ಎಲ್ಲವೂ ಅದರ ಮೇಲೆಯೇ ಕೂತಿವೆ, ಫಲಕ ಅದೇ ಪಟ್ಟಿಗೆ ಸೇರಿದೆ. ತಾಮ್ರವನ್ನು ಜಿಐಗೆ ನೇರವಾಗಿ ಮುಟ್ಟಿಸಿದರೆ ಮಳೆಯಲ್ಲಿ ಸತುವಿನ ಲೇಪ ತಿಂದುಹೋಗುತ್ತದೆ, ಆದ್ದರಿಂದ ನಡುವೆ ಸ್ಟೀಲಿನ ವಾಷರ್ ಬೇಕು. ಗುಡುಗಿನ ಮಳೆ ಬರುವ ಲಕ್ಷಣವಿದ್ದರೆ ಎಲ್ಲ ಕೇಬಲ್‌ಗಳನ್ನೂ ಈ ಫಲಕದ ಹೊರಬದಿಯಲ್ಲಿಯೇ ಬಿಚ್ಚುತ್ತೇನೆ. ಮೋಡ ತಲೆಯ ಮೇಲೆ ಬಂದ ಮೇಲಲ್ಲ, ಆಕಾಶ ಕಪ್ಪಾಗುವ ಮೊದಲೇ.

ಕೆಲಸ ಮಾಡಿಸಿದ ಮೇಲೆ ಗುತ್ತಿಗೆದಾರರು ಅರ್ಥ್ ಟೆಸ್ಟರಿನಲ್ಲಿ ಅಳೆದು ತೋರಿಸುವವರೆಗೆ ಹಣದ ಕೊನೆಯ ಕಂತನ್ನು ಕೊಡಬೇಡಿ. ಆ ಅಳತೆ ಜುಲೈನಲ್ಲಿ ಆದರೆ ನಂಬಬೇಡಿ, ಏಪ್ರಿಲ್ ಕೊನೆಯಲ್ಲಿ ನೆಲ ಒಣಗಿ ಬಿರುಕು ಬಿಟ್ಟಾಗ ಮತ್ತೊಮ್ಮೆ ಅಳೆಸಿ. ನಮ್ಮದು ಮಳೆಗಾಲದಲ್ಲಿ 4 ಓಮ್ ಇದ್ದದ್ದು, ಈ ಏಪ್ರಿಲಿನಲ್ಲಿ 11 ಓಮ್ ಆಗಿತ್ತು.