ಫೋನಿಗೆ ಹೇಳಿ ಬರೆಸುವುದು: ಡಿಟಿಪಿ ಅಂಗಡಿಯಲ್ಲಿ ಆರು ತಿಂಗಳು

ಧಾರವಾಡದ ಸಪ್ತಾಪುರದಲ್ಲಿ ನಮ್ಮದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಬಿಸಿಯಾದಾಗ ಹಾಳೆ ನುಂಗುವ ಒಂದು ಜೆರಾಕ್ಸ್ ಮಶೀನು. ಕನ್ನಡ ಟೈಪಿಂಗೇ ನನ್ನ ಅನ್ನ. ಆರು ತಿಂಗಳಿಂದ ಫೋನಿನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಬಳಸುತ್ತಿದ್ದೇನೆ. ಮೈಕ್ ಗುರುತು ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತಲ್ಲ, ಅದು. ಯಾವ ಕಂಪನಿಯದು ಅನ್ನೋದು ಬೇಡ. ಫೋನಿನ ಜೊತೆಗೇ ಬಂದದ್ದು, ದುಡ್ಡು ಕೊಟ್ಟಿಲ್ಲ. ಕನ್ನಡಕ್ಕೆ ಇಂಥದ್ದು 2017ರಲ್ಲೇ ಬಂದಿತ್ತು. ನಾನೇ ಹತ್ತಿರ ಸೇರಿಸಿರಲಿಲ್ಲ. ನನ್ನ ಹೊಟ್ಟೆ ಮೇಲೆ ಹೊಡೆಯಲು ಬಂದದ್ದು ಅಂದುಕೊಂಡಿದ್ದೆ.

ನನ್ನ ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ನಾನು ಹೊಡೆಯೋದು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ. ಯಾವ ಕೀ ಒತ್ತಿದರೆ ಯಾವ ಅಕ್ಷರ ಅನ್ನೋದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಂತೆ. ಅದರಲ್ಲಿ ‘ಹುಬ್ಬಳ್ಳಿ’ ಅನ್ನೋಕೆ ಒಂಬತ್ತು ಕೀ ಬೇಕು. ಎಚ್, ಯು, ಬಿ, ಎಫ್, ಬಿ, ಆಮೇಲೆ ಶಿಫ್ಟ್ ಹಿಡಿದು ಎಲ್, ಮತ್ತೆ ಎಫ್, ಮತ್ತೆ ಶಿಫ್ಟ್ ಹಿಡಿದು ಎಲ್, ಕೊನೆಗೆ ಐ. ಒತ್ತಕ್ಷರ ಬಂದಾಗೆಲ್ಲ ಎಫ್. ನನ್ನ ಕೀಬೋರ್ಡಿನಲ್ಲಿ ಎಫ್ ಅಕ್ಷರ ಅಳಿಸಿಹೋಗಿ ವರ್ಷಗಳಾದವು. ಇದಕ್ಕೂ ಮುಂಚೆ ಕನ್ನಡ ಟೈಪ್‌ರೈಟರ್ ಕಲಿತಿದ್ದೆ. ಅಲ್ಲಿ ಅಕ್ಷರಗಳ ಜಾಗವೇ ಬೇರೆ. ಕಂಪ್ಯೂಟರಿಗೆ ಬಂದಾಗ ಬೆರಳಿಗೆ ಮತ್ತೆ ಅ ಆ ಇ ಈ ಕಲಿಸಬೇಕಾಯಿತು. ಯಾವ ಮಶೀನಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣಲಿ ಅಂತ ಮಾಡಿದ ಅಕ್ಷರ ಸಂಕೇತ ಯೂನಿಕೋಡ್; ಅದು ಬಂದ ಮೇಲೆ ಇನ್ನೊಂದು ಪಾಠ. ಹಳೇ ನುಡಿ ಫೈಲನ್ನು ಆ ಫಾಂಟ್ ಇಲ್ಲದ ಮಶೀನಿನಲ್ಲಿ ತೆರೆದರೆ ಕನ್ನಡದ ಬದಲು ಪೌಂಡ್ ಗುರುತು, ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ ಎ. ಪಿಎಚ್‌ಡಿ ಹುಡುಗರು ಅದನ್ನು ನೋಡಿ ಅಳುವುದೊಂದು ಬಾಕಿ.

ವಾಯ್ಸ್ ಟೈಪಿಂಗ್ ಮೊದಲು ಹಿಡಿದದ್ದು ಒಂದು ಥೀಸಿಸ್‌ಗೆ. ಶಿಶುನಾಳ ಶರೀಫರ ತತ್ವಪದಗಳ ಮೇಲೆ. ಕೈಬರಹ, ಇನ್ನೂರ ನಲವತ್ತು ಪುಟ, ಹದಿನೈದು ದಿನ ಟೈಮು. ಅದೇ ಹೊತ್ತಿಗೆ ನನ್ನ ಬಲಗೈ ಮಣಿಕಟ್ಟು ಹಿಡಿದುಕೊಂಡಿತ್ತು. ಟೈಪಿಂಗ್ ಕಲಿಯಲು ನವಲಗುಂದದಿಂದ ಬರುವ ಹುಡುಗಿ, ‘ಅಕ್ಕಾರ, ಓದಿ ಹೇಳ್ರಿ, ಅದs ಬರಕೊಂತೈತಿ’ ಅಂದಳು.

ಬರೆದುಕೊಂಡಿತು, ನಿಜ. ನಾನು ಹನ್ನೆರಡು ನಿಮಿಷದಲ್ಲಿ ಹೊಡೆಯುವ ಪುಟ ನಾಲ್ಕು ನಿಮಿಷಕ್ಕೆ ಮುಗಿಯಿತು. ಮಹಾಪ್ರಾಣದಲ್ಲಿ ಅದು ನನಗಿಂತ ಶಾಣ್ಯಾ. ಅವಸರದಲ್ಲಿ ‘ಬಾಷೆ’ ಅಂದರೂ ‘ಭಾಷೆ’ ಅಂತಲೇ ಬರೆಯುತ್ತದೆ. ಆದರೆ ಪೂರ್ಣವಿರಾಮ ಅನ್ನೋದು ಅದಕ್ಕೆ ಗೊತ್ತೇ ಇಲ್ಲ, ಕನಿಷ್ಠ ನನ್ನ ಫೋನಿನಲ್ಲಿ. ಇಡೀ ಪುಟ ಒಂದೇ ವಾಕ್ಯ. ಇನ್ನು ನಮ್ಮ ಕಡೆ ಮಾತು ಬಂದರೆ ಮುಗೀತು. ಜನರ ಬಾಯಿಂದ ಕೇಳಿ ಬರೆದ ಮಾತುಗಳು ಆ ಥೀಸಿಸ್‌ನಲ್ಲಿ ಜಾಸ್ತಿ ಇದ್ದವು. ‘ಹೋಗ್ಯಾನ’ ಅಂದರೆ ‘ಹೋಗಿ ಅನ್ನ’ ಆಯಿತು. ‘ಉಂಡಾಳ’ ಅನ್ನೋದು ‘ಉಂಡೆ ಹಾಳು’. ಮೂರು ಸಲ ಬಿಡಿಸಿ ಹೇಳಿದೆ. ಮೂರನೇ ಸಲ ಬರೀ ‘ಹಾಳು’ ಉಳಿಯಿತು.

ದೊಡ್ಡ ಅವಾಂತರ ಇನ್ನೊಂದು. ಮೂರನೇ ಅಧ್ಯಾಯ ಪ್ರಿಂಟ್ ತೆಗೆದು ಕಣ್ಣಾಡಿಸುತ್ತಿದ್ದೆ. ಗುರು ಗೋವಿಂದ ಭಟ್ಟರ ಮತ್ತು ಶರೀಫರ ನಂಟಿನ ಬಗ್ಗೆ ಗಂಭೀರವಾದ ಮಾತು ನಡೆದಿದೆ, ನಡುವೆ ‘ಆಧಾರ್ ಎರಡೂ ಕಡೆ ಜೆರಾಕ್ಸ್ ಮಾಡಿ ಚಿಲ್ಲರೆ ಇಲ್ಲ’ ಅಂತ ಇದೆ! ಕೌಂಟರಿಗೆ ಬಂದ ಗಿರಾಕಿಯ ಮಾತನ್ನೂ ಫೋನು ನಿಷ್ಠೆಯಿಂದ ಸೇರಿಸಿಕೊಂಡಿತ್ತು. ಥೀಸಿಸ್ ಬರೆದ ಹುಡುಗ ನಕ್ಕ. ಅವನ ಗೈಡ್ ಕೈಗೆ ಆ ಪ್ರತಿ ಹೋಗಿದ್ದರೆ ನಗುತ್ತಿರಲಿಲ್ಲ ಅಲ್ವಾ. ಅವತ್ತಿನಿಂದ ಡಿಕ್ಟೇಶನ್ ಕೊಡುವುದು ಅಂಗಡಿ ಮುಚ್ಚಿದ ಮೇಲೆ, ಇಲ್ಲವೇ ಹಿಂದಿನ ಗೋಡೌನಿನಲ್ಲಿ ಕಾಗದದ ರೀಮುಗಳ ನಡುವೆ ಕೂತು.

ನಾಲ್ಕು ನಿಮಿಷಕ್ಕೆ ಬಂದ ಪುಟ ತಿದ್ದಲು ಏಳೆಂಟು ನಿಮಿಷ ಬೇಕು. ಲೆಕ್ಕ ಹಾಕಿದರೆ ಉಳಿದದ್ದು ಏನೂ ಇಲ್ಲ, ಕೈನೋವೊಂದು ಬಿಟ್ಟು. ಮೇಲೆ ಇನ್ನೊಂದು ತೊಡಕು. ಇದರಿಂದ ಬರುವುದು ಯೂನಿಕೋಡ್. ನಾವು ಪುಸ್ತಕ ಕಳಿಸುವ ಪ್ರೆಸ್ಸಿನಲ್ಲಿ ಇನ್ನೂ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್. ಅದಕ್ಕೆ ಯೂನಿಕೋಡ್ ಕನ್ನಡ ಆಗಿಬರುವುದಿಲ್ಲ. ಕನ್ವರ್ಟ್ ಮಾಡಿ, ಅರ್ಕಾವತ್ತು ಎಲ್ಲೆಲ್ಲಿ ಕೆಟ್ಟಿದೆ ಅಂತ ಮತ್ತೆ ನೋಡಬೇಕು.

ಹಾಗಾದರೆ ಯಾಕೆ ಬಿಟ್ಟಿಲ್ಲ? ಅದಕ್ಕೆ ಕಾರಣ ನವಲಗುಂದದ ಹುಡುಗಿಯೇ. ಅವಳ ಟೈಪಿಂಗ್ ಇನ್ನೂ ಕುಂಟುತ್ತದೆ. ‘ಞ’ ಎಲ್ಲಿದೆ ಅಂತ ಕೀಬೋರ್ಡ್ ಮೇಲೆ ಬೆರಳಾಡಿಸಿ ಹುಡುಕುತ್ತಾಳೆ. ಟೈಪಿಸ್ಟ್ ಹುದ್ದೆಯ ಆಸೆ ಇದೆ, ಅಲ್ಲಿ ಬೆರಳಿನ ವೇಗವನ್ನೇ ನೋಡುತ್ತಾರೆ, ಅದಕ್ಕೇ ದಿನಾ ಒಂದು ತಾಸು ಮೈಕ್ ಮುಟ್ಟಬಾರದು ಅಂತ ಹೇಳಿದ್ದೇನೆ. ಆದರೆ ಒಂದು ದಿನ ನೋಡುತ್ತೇನೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೈಬರಹದ ಮೇಲೆ ಪೆನ್ಸಿಲ್ ಓಡಿಸುತ್ತಿದ್ದಾಳೆ. ಹಾಡು ಕೇಳುತ್ತಿದ್ದಾಳೆ ಅಂತ ಬೈಯಲು ಹೋದೆ. ಹಾಡಲ್ಲ. ಟೈಪ್ ಆದ ಪುಟವನ್ನು ಫೋನಿನಿಂದಲೇ ಓದಿಸಿ ಕೇಳುತ್ತಿದ್ದಳು. ಕಣ್ಣು ಮೂಲದ ಮೇಲೆ, ಕಿವಿ ಫೋನಿನ ಮೇಲೆ. ಹಿಂದೆ ಪ್ರೆಸ್ಸುಗಳಲ್ಲಿ ಒಬ್ಬರು ಓದಿ, ಇನ್ನೊಬ್ಬರು ಕರಡು ತಿದ್ದುತ್ತಿದ್ದರಲ್ಲ, ಅದೇ ಪದ್ಧತಿ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಸಾಲು ಬಿಟ್ಟುಹೋದರೆ ಕಣ್ಣು ಸುಮ್ನೆ ಜಾರಿ ಮುಂದೆ ಹೋಗುತ್ತದೆ, ಕಿವಿ ಥಟ್ಟನೆ ನಿಲ್ಲುತ್ತದೆ. ಈ ರೀತಿ ಇಬ್ಬರೂ ಕೂತು ಆ ಥೀಸಿಸ್‌ನಲ್ಲಿ ಹನ್ನೊಂದು ಬಿಟ್ಟ ಸಾಲು ಹಿಡಿದೆವು. ಅದರಲ್ಲಿ ನಾಲ್ಕು, ನಾನು ಬೆರಳಲ್ಲೇ ಹೊಡೆದ ಪುಟಗಳಲ್ಲಿದ್ದವು.

ಬರೆಯುವುದಕ್ಕೆ ಐದರಲ್ಲಿ ಎರಡೂವರೆ ಸ್ಟಾರ್ ಕೊಡುತ್ತೇನೆ. ಓದಿ ಹೇಳುವುದಕ್ಕೆ ನಾಲ್ಕೂವರೆ. ಕೈನೋವು ಇರುವವರು, ಕೀಲಿಮಣೆ ಕಲಿಯಲು ಪುರುಸೊತ್ತಿಲ್ಲದ ಹಿರಿಯರು ಧಾರಾಳವಾಗಿ ಬಳಸಬಹುದು. ನಾಟಕ, ಜಾನಪದ, ಆಡುಮಾತಿನ ಕತೆ ಟೈಪ್ ಮಾಡುವವರು ಬೆರಳನ್ನೇ ನಂಬಿ.

ಕಳೆದ ತಿಂಗಳು ಅಂಗಡಿ ಬೋರ್ಡಿಗೆ ಒಂದು ಸಾಲು ಸೇರಿಸಿದೆ: ‘ವಾಯ್ಸ್ ಟೈಪ್ ಮಾಡಿದ್ದನ್ನು ತಿದ್ದಿಕೊಡಲಾಗುವುದು’. ಪುಟಕ್ಕೆ ಹನ್ನೆರಡು ರೂಪಾಯಿ. ಮೊದಲ ಗಿರಾಕಿ ಒಬ್ಬ ರಿಟೈರ್ಡ್ ಮಾಸ್ತರು. ತಮ್ಮ ಜೀವನದ ಕತೆಯನ್ನೆಲ್ಲ ಫೋನಿಗೆ ಹೇಳಿ ಅರವತ್ತು ಪುಟ ಮಾಡಿ ತಂದಿದ್ದರು. ಹುಟ್ಟಿದ್ದರಿಂದ ಹಿಡಿದು ಪೆನ್ಶನ್ ತನಕ ಒಂದೇ ಒಂದು ಪೂರ್ಣವಿರಾಮ ಇಲ್ಲ.

‘ಸರ್, ಎಲ್ಲೆಲ್ಲಿ ನಿಲ್ಲಿಸಬೇಕು ಅಂತ ಗುರುತು ಹಾಕಿ ಕೊಡ್ತೀರಾ?’ ಅಂತ ಕೇಳಿದೆ.

‘ನೀನs ನೋಡಿ ಹಾಕವಾ’ ಅಂದು ಚಹಾ ಕುಡಿಯಲು ಹೋದರು.