ಕೋಳಿ ಗೊರಗುಟ್ಟಿದರೆ ಬಾಯಿಗೆ ಔಷಧಿ ಹುಯ್ಯಬೇಡಿ

ನಮ್ಮ ಹೇಂಟೆ ಕೆಂಪಿ ಸತ್ತಿದ್ದು ರೋಗದಿಂದ ಅಲ್ಲ, ನನ್ನ ಕೈಯಿಂದ. ಒಪ್ಪಿಕೊಂಡು ಬರೆಯಲು ಎರಡು ತಿಂಗಳು ಬೇಕಾಯಿತು.

ನಮ್ಮದು ವಿದ್ಯಾರಣ್ಯಪುರದ ಕಡೆ 30×40 ಸೈಟು. ಮನೆ ಹಿಂದೆ ಉಳಿದ ಜಾಗದಲ್ಲಿ ಒಂದು ಗೂಡು. ಎರಡು ಗಿರಿರಾಜ, ಎರಡು ನಾಟಿ ಹೇಂಟೆ, ಒಂದು ಹುಂಜ. (ಹುಂಜ ಕೂಗಿದರೆ ಪಕ್ಕದ ಮನೆಯವರು ಮೊದಲು ಮುಖ ಗಂಟಿಕ್ಕುತ್ತಿದ್ದರು. ವಾರಕ್ಕೆ ನಾಲ್ಕು ಮೊಟ್ಟೆ ಹೋಗಲು ಶುರುವಾದ ಮೇಲೆ ಸರಿಹೋದರು.) ಎರಡು ವರ್ಷ ಒಂದು ಸೀನೂ ಇಲ್ಲದೆ ಚೆನ್ನಾಗಿದ್ದವು.

ಆಗಸ್ಟ್‌ನಲ್ಲಿ ಒಂದು ಭಾನುವಾರ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಬುಟ್ಟಿ ಇಟ್ಟುಕೊಂಡಿದ್ದವನ ಹತ್ತಿರ ಮೂರು ಹೇಂಟೆ ತಂದೆ. ಒಂದರ ಕಣ್ಣಿನ ಮೂಲೆಯಲ್ಲಿ ಸೋಪಿನ ನೊರೆ ತರಹ ಏನೋ ಇತ್ತು. ಕೇಳಿದ್ದಕ್ಕೆ, "ಧೂಳು ಸಾರ್, ನಾಳೆಗೆ ಸರಿಹೋಗುತ್ತೆ" ಅಂದ. ನಂಬಿದೆ. ಅವತ್ತು ರಾತ್ರಿಯೇ ಮೂರನ್ನೂ ಹಳೆಯವುಗಳ ಜೊತೆ ಒಂದೇ ಗೂಡಿಗೆ ಬಿಟ್ಟೆ. ಹೊಸ ಕೋಳಿಯನ್ನು ಕಡಿಮೆ ಅಂದರೂ ಮೂರು ವಾರ ಬೇರೆ ಇಡಬೇಕು, ನೀರಿನ ತಟ್ಟೆ ಬೇರೆ ಇರಬೇಕು, ಮೊದಲು ಹಳೆಯವಕ್ಕೆ ಮೇವು ಹಾಕಿ ಆಮೇಲೆ ಹೊಸದರ ಹತ್ತಿರ ಹೋಗಬೇಕು. ಇದೆಲ್ಲ ನನಗೆ ಗೊತ್ತಿತ್ತು. ಸೋಮಾರಿತನ, ಇನ್ನೇನು.

ಮೇಲಿಂದ ಮಳೆ. ಕೋಳಿ ನೆನೆಯುತ್ತವೆ ಅಂತ ಗೂಡಿನ ನಾಲ್ಕೂ ಕಡೆ ಟಾರ್ಪಾಲು ಇಳಿಬಿಟ್ಟೆ. ಕೆಳಗೆ ಹಾಸಿದ್ದ ಭತ್ತದ ಹೊಟ್ಟು ಒದ್ದೆಯಾಗಿ ಮುದ್ದೆ ಕಟ್ಟಿತ್ತು. ನಿಂತುಕೊಂಡು ನೋಡಿದರೆ ವಾಸನೆ ಗೊತ್ತಾಗಲ್ಲ. ಬೆಳಿಗ್ಗೆ ಬಾಗಿಲು ತೆಗೆದು ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆದುಕೊಳ್ಳಿ. ಕಣ್ಣು ಉರಿದರೆ ಅದು ಅಮೋನಿಯಾ. ರಾತ್ರಿಯಿಡೀ ಅವು ಕುಡಿದಿದ್ದು ಅದೇ ಗಾಳಿ.

ಒಂದು ವಾರ ಕಳೆದ ಮೇಲೆ ರಾತ್ರಿ ಗೂಡಿನಿಂದ ಸದ್ದು. ಒಲೆ ಮೇಲೆ ಎಸರು ಕುದಿಯುವ ಹಾಗೆ ಸಣ್ಣಗೆ ಗೊರಗೊರ. ಕೆಂಪಿಯನ್ನು ಎತ್ತಿ ಬೆನ್ನಿಗೆ ಕಿವಿ ಇಟ್ಟೆ, ಒಳಗೆಲ್ಲ ಅದೇ ಸದ್ದು. ಮೂಗಿನ ತೂತಿಗೆ ಮೇವಿನ ಪುಡಿ ಅಂಟಿ ಹೆಪ್ಪುಗಟ್ಟಿತ್ತು.

ಅಲ್ಲಿಂದ ನನ್ನ ಡಾಕ್ಟರಿಕೆ ಶುರು. ನಮ್ಮತ್ತೆ ಬೆಳ್ಳುಳ್ಳಿ ಅರಿಶಿನ ಅಂದರು. ಅದರಿಂದ ದೊಡ್ಡ ತೊಂದರೆಯೇನೂ ಆಗಲಿಲ್ಲ, ಗುಣವೂ ಆಗಲಿಲ್ಲ. ಮೇವಿನ ಅಂಗಡಿಯವನು ಒಂದು ಪುಡಿ ಕೊಟ್ಟ, ಲೀಟರಿಗೆ ಒಂದು ಚಿಟಿಕೆ ಅಂತ. ಮನೆಗೆ ಬಂದು ಡಬ್ಬಿ ಓದಿದರೆ ಅದರಲ್ಲಿ ಕೊಲಿಸ್ಟಿನ್. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿಸಿಕೊಂಡಿರುವ ಔಷಧಿ ಅದು. ಕೋಳಿ ಸಾಕಣೆಯಲ್ಲಿ ಬಳಸಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ವಾಪಸ್ ಕೊಡಲು ಹೋದರೆ "ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ" ಅಂದ. ಸರಿ ಅಂತ ಮೆಡಿಕಲ್ ಸ್ಟೋರಿಗೆ ಹೋಗಿ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ತಂದು, ಬಿಚ್ಚಿ ನೀರಿಗೆ ಕಲಸಿದೆ. ಚೀಟಿ ಯಾರೂ ಕೇಳಲಿಲ್ಲ.

ನೀರು ಕುಡಿಯಲಿಲ್ಲ ಅಂತ ಮೂರನೇ ದಿನ ಸಿರಿಂಜು ತಗೊಂಡೆ. ಮಗ ಕೆಂಪಿಯನ್ನು ಕಂಕುಳಲ್ಲಿ ಹಿಡಿದುಕೊಂಡ. ನಾನು ಕೊಕ್ಕು ಬಿಡಿಸಿ, ತಲೆ ಮೇಲಕ್ಕೆತ್ತಿ, 5 ಎಂ.ಎಲ್. ಒಂದೇ ಸಲ ಒತ್ತಿದೆ. ಎರಡು ಸಲ ತಲೆ ಒದರಿತು. ಬಾಯಿಂದ ಗುಳ್ಳೆ ಬಂತು. ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿತು. ನಿಮಿಷವೂ ಆಗಿರಲಿಲ್ಲ, ಮಗನ ಕೈಯಲ್ಲೇ ಕತ್ತು ಬಿಟ್ಟಿತು.

ಕೋಳಿಯ ಬಾಯಿ ತೆಗೆದು ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ತೆರೆದು ಮುಚ್ಚಿ ಮಾಡುತ್ತಿರುತ್ತದೆ. ಅದೇ ಉಸಿರಿನ ದಾರಿ. ನಮಗಿರುವ ಹಾಗೆ ಅದರ ಮೇಲೆ ಮುಚ್ಚಳ ಇಲ್ಲ. ಮೊದಲೇ ಏದುಸಿರು ಬಿಡುತ್ತಿರುವ ಕೋಳಿಯ ಬಾಯಿಗೆ ಹುಯ್ದರೆ ನೀರು ನೇರ ಅಲ್ಲಿಗೇ ಇಳಿಯುತ್ತದೆ. ಕೊಡಲೇಬೇಕು ಅಂದರೆ ಕೊಕ್ಕಿನ ಹೊರ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿ, ಅದೇ ಚಪ್ಪರಿಸಿ ನುಂಗಲಿ. ಇದನ್ನು ಪಶು ಆಸ್ಪತ್ರೆಯ ಡಾಕ್ಟರು ಇನ್ನೊಂದು ಕೋಳಿಯ ಬಾಯಿ ಬಿಡಿಸಿ ತೋರಿಸಿದರು, ಎಲ್ಲ ಮುಗಿದ ಮೇಲೆ.

ಅವರು ಕೇಳಿದ ಮೊದಲ ಪ್ರಶ್ನೆ, "ಸತ್ತಿದ್ದು ಎಲ್ಲಿ?" ಹೂತುಬಿಟ್ಟಿದ್ದೆ. ಮಾರನೇ ದಿನ ಹೊಸ ಹೇಂಟೆ ಒಂದು ಸತ್ತಾಗ ಪ್ಲಾಸ್ಟಿಕ್ ಕವರಿಗೆ ಹಾಕಿ, ಐಸ್ ಇಟ್ಟು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಪೋಸ್ಟ್‌ಮಾರ್ಟಂಗೆ ಒಯ್ದೆ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ, ಗಟ್ಟಿಯಾಗಿ ಕರಗಿದರೆ ಒಳಗಿನದು ಹಾಳಾಗುತ್ತದೆ. ಕೊಯ್ದು ತೋರಿಸಿದರು. ಗಾಳಿಚೀಲಗಳಲ್ಲಿ ಪನೀರಿನ ಚೂರಿನಂಥ ಹಳದಿ ಗಟ್ಟಿ, ಹೃದಯದ ಸುತ್ತ ಬಿಳಿ ಪೊರೆ. ಸಿಆರ್‌ಡಿ ಅಂದರು, ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾದಿಂದ ಬಂದು ಬಿಡದೆ ಕಾಡುವ ಉಸಿರಾಟದ ರೋಗ. ಅದರ ಮೇಲೆ ಇ. ಕೋಲೈ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಮೈಕೋಪ್ಲಾಸ್ಮಾಕ್ಕೆ ಕೋಶದ ಗೋಡೆಯೇ ಇಲ್ಲ, ಅಮಾಕ್ಸಿಸಿಲಿನ್ ಹೊಡೆಯುವುದು ಆ ಗೋಡೆಯನ್ನೇ. ಅಂದರೆ ಮೂರು ದಿನ ನಾನು ಕುಡಿಸಿದ್ದರಿಂದ ಆ ರೋಗಕ್ಕೆ ಏನೂ ಆಗಿರಲಿಲ್ಲ.

ಟೈಲೋಸಿನ್ ಮತ್ತು ಡಾಕ್ಸಿಸೈಕ್ಲಿನ್ ಇರುವ ಪುಡಿ ಬರೆದುಕೊಟ್ಟರು. ಪ್ರಮಾಣ ಬೇಕಂತಲೇ ಇಲ್ಲಿ ಬರೆಯುತ್ತಿಲ್ಲ. ದಿನಾ ಹೊಸದಾಗಿ ಕಲಸಬೇಕು, ಬೇರೆ ನೀರು ಇಡಬಾರದು. ಮೊಟ್ಟೆ ಸಿಪ್ಪೆ ಪುಡಿ, ಸುಣ್ಣದ ಕಲ್ಲು ಅಷ್ಟು ದಿನ ನಿಲ್ಲಿಸಬೇಕು, ಯಾಕೆಂದರೆ ಡಾಕ್ಸಿಸೈಕ್ಲಿನ್ ಅನ್ನು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಮೈಗೆ ಸೇರಲು ಬಿಡಲ್ಲ. ಔಷಧಿ ಮುಗಿದ ಮೇಲೂ ಅವರು ಹೇಳಿದಷ್ಟು ದಿನ ಮೊಟ್ಟೆ ತಿನ್ನದೆ ಎಸೆದೆವು. ಟಾರ್ಪಾಲನ್ನು ಮಳೆ ಬೀಸುವ ಕಡೆ ಮಾತ್ರ ಬಿಟ್ಟು ಉಳಿದದ್ದು ಬಿಚ್ಚಿದೆ. ಹೊಟ್ಟು ಪೂರ್ತಿ ಬದಲಾಯಿಸಿದೆ. ಆದರೂ ಒಂದು ಗಿರಿರಾಜ ಹೋಯಿತು. ಎಂಟರಲ್ಲಿ ಐದು ಉಳಿದವು.

ಗೊರಗೊರ ಅಂದರೆಲ್ಲ ಸಿಆರ್‌ಡಿ ಅಲ್ಲ, ನನ್ನ ಕಥೆ ಓದಿ ಅದೇ ಪುಡಿ ತರಲು ಓಡಬೇಡಿ. ಮುಖ ಊದಿ ಮೂಗಿನಿಂದ ಕೆಟ್ಟ ವಾಸನೆ ಬಂದರೆ ಕೊರೈಜಾ ಅನ್ನುವ ನೆಗಡಿ ರೋಗ ಇರಬಹುದು. ಹಸಿರು ಭೇದಿ, ಕತ್ತು ತಿರುಚಿಕೊಳ್ಳುವುದು ಇದ್ದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಅದು ವೈರಸ್ಸು, ಬಂದ ಮೇಲೆ ಔಷಧಿ ಇಲ್ಲ, ಮೊದಲೇ ಲಸಿಕೆ ಹಾಕಿಸಿರಬೇಕು. ಬೂಷ್ಟು ಹಿಡಿದ ಹೊಟ್ಟಿನಿಂದಲೂ ಉಸಿರು ಕಟ್ಟುತ್ತದೆ, ಅದಕ್ಕೆ ಆಂಟಿಬಯೋಟಿಕ್ ದಂಡ. ಇನ್ನು ಒಂದೆರಡು ದಿನದಲ್ಲಿ ಸಾಲಾಗಿ ಸತ್ತರೆ ಕೊಯ್ಯುವುದು, ಹೂಳುವುದು, ಹಂಚುವುದು ಯಾವುದೂ ಬೇಡ. ಬರಿಗೈಲಿ ಮುಟ್ಟದೆ ಪಶು ಇಲಾಖೆಗೆ ತಿಳಿಸಿ, ಸಹಾಯವಾಣಿ 1962. ಹಕ್ಕಿಜ್ವರ ನಮ್ಮೂರಿಗೆ ಬರಲ್ಲ ಅನ್ನಬೇಡಿ, 2012ರಲ್ಲಿ ಇಲ್ಲೇ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳಿಗೆ ಬಂದಿತ್ತು.

ಉಳಿದ ಐದೂ ಈಗ ಮೇಯುತ್ತವೆ, ಮೊಟ್ಟೆ ಇಡುತ್ತವೆ. ಆದರೆ ಮೈಕೋಪ್ಲಾಸ್ಮಾ ಒಳಗೇ ಉಳಿಯುತ್ತದಂತೆ, ಮೊಟ್ಟೆಯ ಮೂಲಕ ಮರಿಗೂ ದಾಟುತ್ತದಂತೆ. ಚಳಿ ಬಿದ್ದ ರಾತ್ರಿ ಹುಂಜದ ಗಂಟಲಲ್ಲಿ ಇನ್ನೂ ಆ ಸದ್ದು ಕೇಳುತ್ತದೆ. ಮೊನ್ನೆ ಪಕ್ಕದ ಮನೆಯವರು ಊರಿಗೆ ಒಯ್ದು ಕಾವಿಗೆ ಇಡಬೇಕು, ಹತ್ತು ಮೊಟ್ಟೆ ಕೊಡಿ ಅಂದರು. ಸಾರು ಮಾಡಲು ಬೇಕಾದರೆ ಕೊಡುತ್ತೇನೆ, ಕಾವಿಗೆ ಇಲ್ಲ ಅಂದೆ. ಮತ್ತೆ ಮುಖ ಗಂಟಿಕ್ಕಿಕೊಂಡಿದ್ದಾರೆ.