ಗ್ರಂಥಾಲಯದ ಡಿಜಿಟಲ್ ಭಂಡಾರಕ್ಕೆ ಸಹಿ ಹಾಕುವ ಮುನ್ನ: ಮೈಸೂರಿನ ಒಂದು ಅನುಭವ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಟ್ರಸ್ಟ್ ನಡೆಸುವ ಗ್ರಂಥಾಲಯವೊಂದರ ಕಾರ್ಯಕಾರಿ ಸಮಿತಿಯಲ್ಲಿ ನಾನಿದ್ದೇನೆ. ಬೈಂಡ್ ಮಾಡಿಸಿಟ್ಟ ಹಳೆಯ ಕನ್ನಡ ಮಾಸಪತ್ರಿಕೆಗಳು, ದಸರಾ ಮೆರವಣಿಗೆಯ ಛಾಯಾಚಿತ್ರಗಳು, ಸಾಹಿತ್ಯ ಸಮಾರಂಭಗಳ ಆಹ್ವಾನ ಪತ್ರಿಕೆಗಳು, ಗಮಕ ವಾಚನದ ಕ್ಯಾಸೆಟ್ಟುಗಳು, ಇವನ್ನೆಲ್ಲ ಡಿಜಿಟಲ್ ರೂಪಕ್ಕೆ ತಂದು ಒಂದೇ ಕಡೆ ಹುಡುಕಲು ಬರುವಂತೆ ಮಾಡುವ ಕೆಲಸವನ್ನು ಸಮಿತಿಯು ಒಂದು ಖಾಸಗಿ ಸಂಸ್ಥೆಗೆ ವಹಿಸಿತ್ತು. ಒಪ್ಪಂದದ ಅವಧಿ ಮುಗಿದು, ಮುಂದುವರಿಸುವುದಿಲ್ಲವೆಂದು ತಿಳಿಸಿದ ಮೇಲೆ ನಮ್ಮ ಕೈಗೆ ಬಂದದ್ದು ಒಂದು ಹಾರ್ಡ್ ಡಿಸ್ಕ್. ಅದರೊಳಗೆ ಬರೀ ಅಂಕಿಗಳನ್ನೇ ಹೆಸರಾಗಿ ಹೊತ್ತ ಚಿತ್ರಗಳ ರಾಶಿ. ಯಾವ ಚಿತ್ರ ಯಾವ ಪತ್ರಿಕೆಯ ಯಾವ ಸಂಚಿಕೆಯ ಎಷ್ಟನೆಯ ಪುಟ ಎಂಬುದನ್ನು ಹೇಳುವ ವಿವರವೆಲ್ಲ ಆ ಸಂಸ್ಥೆಯ ಡೇಟಾಬೇಸಿನಲ್ಲಿಯೇ ಉಳಿಯಿತು.

ಕೇಳಿದಾಗ ಬಂದ ಉತ್ತರ ಕಾನೂನಿನ ದೃಷ್ಟಿಯಿಂದ ಅಚ್ಚುಕಟ್ಟಾಗಿತ್ತು. ‘ಸ್ಕ್ಯಾನ್ ಮಾಡಿದ ಕಡತಗಳು ಗ್ರಂಥಾಲಯದ ಸ್ವತ್ತು’ ಎಂದು ಒಪ್ಪಂದದಲ್ಲಿತ್ತು, ಕಡತಗಳನ್ನು ಕೊಟ್ಟಿದ್ದರು. ವಿವರಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ, ಆದ್ದರಿಂದ ಅವುಗಳ ವರ್ಗಾವಣೆಗೆ ಪ್ರತ್ಯೇಕ ಕೊಟೇಷನ್ ಕಳುಹಿಸಿದರು. ಆ ವಿವರಗಳನ್ನು ಕುಳಿತು ಬರೆದುಕೊಟ್ಟವರು ನಮ್ಮದೇ ಗ್ರಂಥಪಾಲಕರು ಮತ್ತು ಇಬ್ಬರು ನಿವೃತ್ತ ಉಪನ್ಯಾಸಕರು ಎಂಬ ಮಾತಿಗೆ ಅಲ್ಲಿ ಬೆಲೆ ಬರಲಿಲ್ಲ. ಮೈಸೂರು, ಮಂಡ್ಯದ ಬೇರೆ ಸಂಸ್ಥೆಗಳೂ ಇಂಥ ಕೆಲಸಕ್ಕೆ ಕೊಟೇಷನ್ ಕರೆಯುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮಾರಾಟಗಾರರು ತೋರಿಸುವ ಪ್ರಾತ್ಯಕ್ಷಿಕೆಯಲ್ಲಿ ಪುಟ ತಿರುವುವ ಸದ್ದು, ಚಂದದ ಮುಖಪುಟ, ಮೊಬೈಲಿನಲ್ಲಿ ಓದುವ ಸೌಲಭ್ಯ ಎಲ್ಲವೂ ಇರುತ್ತವೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಒಳಗೆ ಹಾಕಿದ್ದನ್ನು ಹೊರಗೆ ತೆಗೆದು ತೋರಿಸಿ. ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಹಕ್ಕುಗಳು ಮೊದಲಾದ 15 ಅಂಶಗಳಲ್ಲಿ ದಾಖಲೆಯ ವಿವರ ಬರೆದಿಡುವ ಡಬ್ಲಿನ್ ಕೋರ್ ಎಂಬ ಮಾದರಿ 1995ರಿಂದ ಬೆಳೆದುಬಂದಿದ್ದು, ಜಗತ್ತಿನ ಬಹುತೇಕ ಡಿಜಿಟಲ್ ಗ್ರಂಥಾಲಯ ತಂತ್ರಾಂಶಗಳಿಗೆ ಅರ್ಥವಾಗುತ್ತದೆ. ಆ ಮಾದರಿಯಲ್ಲಿ, ಪ್ರತಿಯೊಂದು ದಾಖಲೆಯ ಎದುರು ಅದರ ಕಡತದ ಹೆಸರಿರುವಂತೆ, ಬೇರೆ ತಂತ್ರಾಂಶಗಳೂ ಓದಬಲ್ಲ ಸಿಎಸ್‌ವಿ ಅಥವಾ ಎಕ್ಸ್‌ಎಂಎಲ್ ರೂಪದ ಪಟ್ಟಿಯೊಂದನ್ನು ನಿಮ್ಮ ಕಣ್ಣೆದುರಿಗೇ ತೆಗೆದುಕೊಡಲಾಗದ ವ್ಯವಸ್ಥೆಗೆ ಮುಂಗಡ ಕೊಡಬೇಡಿ.

ನಮ್ಮ ವಿಷಯದಲ್ಲಿ ಕೊನೆಗೆ ಹಣ ತೆತ್ತು ಪಟ್ಟಿ ಪಡೆದದ್ದಾಯಿತು. ತೆರೆದು ನೋಡಿದರೆ ಕನ್ನಡವಿದ್ದ ಜಾಗದಲ್ಲೆಲ್ಲ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳ ಗೋಜಲು. ಅವರ ಕಚೇರಿಯಲ್ಲಿ ಟೈಪ್ ಮಾಡಿದವರು ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳನ್ನು ಬಳಸಿದ್ದರು. ಈ ಫಾಂಟ್‌ಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನು. ಕನ್ನಡದ ಆಕಾರ ಕಾಣಿಸುವುದು ಆ ಫಾಂಟ್ ಇರುವ ಯಂತ್ರದಲ್ಲಿ ಮಾತ್ರ. ಅವರ ತೆರೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು, ಆದರೆ ಓದುಗರು, ಕನ್ನಡದ ಅಕ್ಷರಗಳಿಗೇ ಪ್ರತ್ಯೇಕ ಸಂಕೇತಗಳಿರುವ ಯೂನಿಕೋಡ್ ಕೀಲಿಮಣೆಯಿಂದ ‘ಗಮಕ’ ಎಂದು ಹುಡುಕಿದಾಗ ಒಂದು ದಾಖಲೆಯೂ ಸಿಗದಿದ್ದುದಕ್ಕೆ ಕಾರಣ ಇದೇ. ಹಳೆಯ ಫಾಂಟ್‌ನ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಆದರೆ ಅವನ್ನು ಪೂರ್ತಿ ನಂಬುವಂತಿಲ್ಲ. ಒಂದೇ ಅಂಕಣದಲ್ಲಿ ಕನ್ನಡದ ಜೊತೆ ನಿಜವಾದ ಇಂಗ್ಲಿಷ್ ಪದಗಳೂ ಇದ್ದರೆ ಅವು ಆ ಇಂಗ್ಲಿಷನ್ನೂ ಕನ್ನಡವೆಂದು ಭಾವಿಸಿ ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡುತ್ತವೆ. ಅಂಥ ಸಾಲುಗಳನ್ನು ನಮ್ಮವರು ಈಗಲೂ ಕೈಯಿಂದ ತಿದ್ದುತ್ತಿದ್ದಾರೆ. ಯೂನಿಕೋಡಿನಲ್ಲಿಯೂ ‘ಕೊ’ ಎಂಬಲ್ಲಿನ ಒತ್ವವನ್ನು ಒಂದೇ ಸಂಕೇತವಾಗಿ ಅಥವಾ ಎರಡು ಸಂಕೇತಗಳಾಗಿ ಉಳಿಸಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಇವನ್ನು ಸಮಗೊಳಿಸಿಯೇ ಹುಡುಕುವ ವ್ಯವಸ್ಥೆ ಇರಬೇಕೆಂದು ಬರವಣಿಗೆಯಲ್ಲಿ ಕೇಳಿ.

ದಿನಾಂಕದ ಕಥೆ ಇನ್ನೂ ಬೇಸರದ್ದು. ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ಹಲವು ಸಂವತ್ಸರ, ಮಾಸ, ತಿಥಿಯನ್ನಷ್ಟೇ ಹೇಳುತ್ತವೆ. ರಕ್ತಾಕ್ಷಿ ಸಂವತ್ಸರವೆಂದರೆ 1924–25 ಆಗಬಹುದು, 60 ವರ್ಷಗಳ ಚಕ್ರ ಸುತ್ತಿ 1984–85 ಕೂಡ ಆಗಬಹುದು. ಕಾಗದ, ಅಚ್ಚು, ಅತಿಥಿಗಳ ಹೆಸರು ನೋಡಿ ನಿರ್ಧರಿಸಬೇಕು. ಆ ವ್ಯವಸ್ಥೆಯ ದಿನಾಂಕದ ಅಂಕಣವು ದಿನ, ತಿಂಗಳು, ವರ್ಷ ಮೂರನ್ನೂ ತುಂಬದಿದ್ದರೆ ಮುಂದಕ್ಕೆ ಹೋಗುತ್ತಿರಲಿಲ್ಲವಾದ್ದರಿಂದ, ಟೈಪ್ ಮಾಡುವವರು ಗೊತ್ತಿಲ್ಲದ ಕಡೆಯಲ್ಲೆಲ್ಲ 1900ರ ಜನವರಿ 1 ಎಂದು ಹಾಕಿ ಮುಂದೆ ಸಾಗಿದ್ದರು. ಕಡತದ ಪ್ರಕಾರ ಅಂದು ಮೈಸೂರಿನಲ್ಲಿ ನಡೆದಷ್ಟು ಸಭೆ ಸಮಾರಂಭಗಳು ಮತ್ತೆಂದೂ ನಡೆದಿಲ್ಲ! ಲೇಖಕರ ಹೆಸರುಗಳದ್ದೂ ಇದೇ ಪಾಡು: ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಇಬ್ಬರಾಗಿದ್ದರು; ಬಿ.ಎಂ. ಶ್ರೀಕಂಠಯ್ಯನವರು ಚುಕ್ಕಿ ಮತ್ತು ಜಾಗಗಳ ವ್ಯತ್ಯಾಸದಿಂದಲೇ ಹಲವರಾಗಿದ್ದರು. ಕಾವ್ಯನಾಮ, ಮೊದಲಕ್ಷರ, ಪೂರ್ಣನಾಮ ಮೂರನ್ನೂ ಒಬ್ಬರಿಗೇ ಜೋಡಿಸುವ ಪಟ್ಟಿಯನ್ನು ಗ್ರಂಥಾಲಯವೇ ಮೊದಲು ಸಿದ್ಧಮಾಡಿ ಕೊಟ್ಟು, ಅದರಿಂದ ಆರಿಸಿಯೇ ತುಂಬಬೇಕೆಂಬ ನಿರ್ಬಂಧ ಇಡುವುದು ಸೂಕ್ತ.

ಚಿತ್ರಗಳ ಗುಣಮಟ್ಟಕ್ಕೆ ಬರುತ್ತೇನೆ. ಒಪ್ಪಂದದಲ್ಲಿ ‘ಉತ್ತಮ ಗುಣಮಟ್ಟದ ಸ್ಕ್ಯಾನ್’ ಎಂದಿತ್ತು. ಕೊಟ್ಟದ್ದು ಗಾತ್ರ ಕುಗ್ಗಿಸಲು ಹಿಂಡಿದ ಜೆಪೆಗ್ ಚಿತ್ರಗಳು, ಅವುಗಳ ಅಡ್ಡಕ್ಕೆ ಆ ಸಂಸ್ಥೆಯ ಮುದ್ರೆ ಬೇರೆ. ಲೆಕ್ಕ ಸರಳವಾಗಿದೆ: ಎ4 ಅಳತೆಯ ಒಂದು ಪುಟವನ್ನು ಬಣ್ಣದಲ್ಲಿ 400 ಡಿಪಿಐನಲ್ಲಿ (ಅಂಗುಲಕ್ಕೆ 400 ಚುಕ್ಕಿ), ಹಿಂಡದ ಟಿಫ್ ರೂಪದಲ್ಲಿ ಉಳಿಸಿದರೆ ಸುಮಾರು 46 ಎಂಬಿ ಆಗುತ್ತದೆ, ಅಂದರೆ ಒಂದು ಲಕ್ಷ ಪುಟಗಳಿಗೆ 4.6 ಟೆರಾಬೈಟ್. ಇಡೀ ಸಂಗ್ರಹವನ್ನು ಒಂದು ಸಣ್ಣ ಡಿಸ್ಕಿನಲ್ಲಿ ತಂದುಕೊಟ್ಟರೆ ಹಿಂಡದ ಮೂಲ ಸ್ಕ್ಯಾನ್ ಅದರಲ್ಲಿಲ್ಲವೆಂದೇ ತಿಳಿಯಬೇಕು. ಬೈಂಡ್ ಬಿಚ್ಚಿದಾಗಲೇ ಪುಡಿಯಾಗುವ ಕಾಗದವನ್ನು ಎರಡನೆಯ ಸಲ ಗಾಜಿನ ಮೇಲೆ ಮಲಗಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಕ್ಯಾಸೆಟ್ಟುಗಳನ್ನೂ ಎಂಪಿ3ಗೆ ಇಳಿಸಿ ಮುಗಿಸಿದ್ದರು. ಕೇಳುವುದಕ್ಕೆ ಅದು ಸಾಕು, ಉಳಿಸಿಕೊಳ್ಳುವುದಕ್ಕೆ 24 ಬಿಟ್‌ನ ವೇವ್ ಕಡತ ಬೇಕು.

ಹಕ್ಕುಸ್ವಾಮ್ಯವನ್ನು ಅವರು ಗಮನಿಸಿರಲೇ ಇಲ್ಲ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಹಕ್ಕು ಇರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಬರಹಗಳನ್ನು ಇಂದು ಮುಕ್ತವಾಗಿ ಇಡಬಹುದು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಬರಹಗಳಿಗೆ 2054ರ ಕೊನೆಯವರೆಗೆ ಹಕ್ಕಿದೆ. ಆ ವ್ಯವಸ್ಥೆಯಲ್ಲಿ ಖಾಸಗಿ ಪತ್ರಗಳೂ ಸೇರಿದಂತೆ ಎಲ್ಲವೂ ಸಾರ್ವಜನಿಕರಿಗೆ ತೆರೆದಿದ್ದವು, ಏಕೆಂದರೆ ದಾಖಲೆಗೊಂದರಂತೆ ಅನುಮತಿ ನಿಗದಿಪಡಿಸುವ ಸೌಲಭ್ಯಕ್ಕೆ ಹೆಚ್ಚುವರಿ ದರವಿತ್ತು.

ಈಗ ನಾವು ಡಿಸ್ಪೇಸ್ ಎಂಬ ಡಿಜಿಟಲ್ ಭಂಡಾರದ ತಂತ್ರಾಂಶಕ್ಕೆ ಬದಲಾಗುತ್ತಿದ್ದೇವೆ. ದೇಶದ ಪಿಎಚ್‌.ಡಿ. ಪ್ರಬಂಧಗಳ ಭಂಡಾರವಾದ ಶೋಧಗಂಗಾ ನಡೆಯುವುದು ಇದೇ ಮುಕ್ತ ತಂತ್ರಾಂಶದ ಮೇಲೆ. ಉಚಿತವೆಂದು ಹೇಳಿಕೊಂಡು ಯಾರೂ ಇದಕ್ಕೆ ಕೈಹಾಕಬಾರದು. ಸರ್ವರ್ ನೋಡಿಕೊಳ್ಳುವವರಿಗೆ ಸಂಬಳ ಕೊಡಲೇಬೇಕು, ಬ್ಯಾಕಪ್ ಪ್ರತಿಯೊಂದು ಬೇರೆ ಕಟ್ಟಡದಲ್ಲಿ ಇರಲೇಬೇಕು. ಕೊಹಾ ಹಾಕಿಸಿದರೆ ಎಲ್ಲವೂ ಆಯಿತು ಎನ್ನುವವರೂ ಇದ್ದಾರೆ. ಅದು ಪುಸ್ತಕಗಳ ಸೂಚಿ ಮತ್ತು ಎರವಲಿನ ಕೆಲಸಕ್ಕೆ ಇರುವ ತಂತ್ರಾಂಶ, ಸಂಗ್ರಹದ ಮೂಲ ಸ್ಕ್ಯಾನ್ ಕಡತಗಳನ್ನು ಕಾಯುವುದಕ್ಕಲ್ಲ.

ಈಗಾಗಲೇ ಒಪ್ಪಂದದೊಳಗೆ ಇರುವವರು ಮುಂದಿನ ವಾರ್ಷಿಕ ಶುಲ್ಕದ ಬಿಲ್ಲಿಗೆ ಚೆಕ್ ಬರೆಯುವ ಮುನ್ನ ಒಂದು ನೂರು ದಾಖಲೆಗಳನ್ನು ಆರಿಸಿ, ಅವುಗಳ ಟಿಫ್ ಕಡತ, ಯೂನಿಕೋಡ್ ವಿವರ ಹಾಗೂ ಕಡತ ಬದಲಾಗಿಲ್ಲವೆಂದು ತೋರಿಸುವ ಎಸ್‌ಎಚ್‌ಎ-256 ಚೆಕ್‌ಸಮ್ ಪಟ್ಟಿಯನ್ನು ಲಿಖಿತವಾಗಿ ಕೇಳಿ, ಬಂದದ್ದನ್ನು ಆ ಸಂಸ್ಥೆಯ ತಂತ್ರಾಂಶವಿಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ.